ಐದನೇ ವೈರು

ನವೆಂಬರ್ 9, 2024, ಶನಿವಾರ
ಮಿನ್ನಿಯಾಪೊಲಿಸ್

ಕಾಫಿ ಆದ ಮೇಲೆ ಹಾಲಿನ ಗೋಡೆಯ ಹಳೇ ಥರ್ಮೋಸ್ಟಾಟ್ ಬಿಚ್ಚಿದೆ, ಮನೆಯ ಬಿಸಿಯನ್ನು ಹದದಲ್ಲಿಡುವ ಸಾಧನ ಅದು. ಡಿಸೆಂಬರಿನಲ್ಲಿ ಅಮ್ಮನನ್ನು ತೀರ್ಥಹಳ್ಳಿಗೆ ಬಿಡಲು ಎಲ್ಲರೂ ಹೊರಡುತ್ತೇವೆ, ಮನೆ ಒಂದು ತಿಂಗಳು ಖಾಲಿ. ಜನವರಿಯಲ್ಲಿ ಇಲ್ಲಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಇಳಿಯುವುದು ಹೊಸದೇನಲ್ಲ. ಅಂಥ ರಾತ್ರಿ ಫರ್ನೇಸ್, ಅಂದರೆ ಮನೆಗೆ ಬಿಸಿಗಾಳಿ ಕೊಡುವ ಗ್ಯಾಸ್ ಒಲೆ, ನಿಂತರೆ ಗೋಡೆಯೊಳಗೇ ನೀರು ಗಡ್ಡೆ ಕಟ್ಟಿ ಪೈಪು ಸೀಳುತ್ತದೆ. ಊರಲ್ಲಿ ಕೂತು ಮನೆಯ ಬಿಸಿ ಎಷ್ಟಿದೆ ಅಂತ ಫೋನಿನಲ್ಲಿ ನೋಡಲು ಆಗಬೇಕು, ಬಿಸಿ ಇಳಿದರೆ ಪಕ್ಕದ ಮನೆಯವರನ್ನು ಕೇಳಿಕೊಳ್ಳಬಹುದು. ಅದಕ್ಕೇ ವೈ-ಫೈ ಇರುವ ಹೊಸದು ತಂದದ್ದು.

ಹಳೆಯದು ಹನಿವೆಲ್‌ನ ದುಂಡು ಥರ್ಮೋಸ್ಟಾಟ್. ಹೆನ್ರಿ ಡ್ರೇಫಸ್ ರೂಪಿಸಿದ ಈ ದುಂಡು ಮಾದರಿ ಮಾರುಕಟ್ಟೆಗೆ ಬಂದದ್ದು 1953ರಲ್ಲಿ. ಮುಚ್ಚಳ ತೆಗೆದು ಅಮ್ಮನಿಗೆ ತೋರಿಸಿದೆ. ಎರಡು ಲೋಹ ಬೆಸೆದ ಪಟ್ಟಿಯ ಸುರುಳಿ, ಅದರ ಮೇಲೆ ಪುಟ್ಟ ಗಾಜಿನ ಬುರುಡೆ, ಒಳಗೆ ಪಾದರಸ. ಚಳಿಯಾದಾಗ ಸುರುಳಿ ತಿರುಗುತ್ತದೆ, ಬುರುಡೆ ವಾಲುತ್ತದೆ, ಪಾದರಸ ಉರುಳಿ ಬಂದು ಎರಡು ತಂತಿಗಳನ್ನು ಕೂಡಿಸುತ್ತದೆ. ಬ್ಯಾಟರಿಯ ಹಂಗೂ ಇಲ್ಲ. ಇಷ್ಟು ಚಂದದ ವಸ್ತುವನ್ನು ತೆಗೆಯಲು ನಿಜಕ್ಕೂ ಮನಸ್ಸಿರಲಿಲ್ಲ.

"ಬೆಂಕಿ ಕೆಳಗಿದೆ, ಇದು ಇಲ್ಲಿದೆ. ಅದಕ್ಕೆ ಹೇಗೆ ಗೊತ್ತಾಗತ್ತೆ?" ಅಮ್ಮ ಕೇಳಿದರು. ನಮ್ಮ ಬಚ್ಚಲೊಲೆಗೆ ಯಾವಾಗ ಸೌದೆಯ ಕುಂಟೆ ಒಟ್ಟಬೇಕು, ಯಾವಾಗ ಹಿಂದೆ ಎಳೆಯಬೇಕು ಅಂತ ನೋಡಿಕೊಳ್ಳುತ್ತಿದ್ದವರು ಅವರೇ. ಆ ನೋಡಿಕೊಳ್ಳುವ ಕೆಲಸ ಇದರದ್ದು ಅಂದೆ. ಈ ಊರಲ್ಲೇ 1885ರಲ್ಲಿ ಆಲ್ಬರ್ಟ್ ಬಟ್ಜ್ ಎಂಬಾತ ಅಂಥದ್ದೊಂದು ಮಾಡಿದ್ದ. ಕೋಣೆ ತಣ್ಣಗಾದರೆ ಒಂದು ಮೋಟಾರು ಸರಪಳಿ ಎಳೆದು ಕಲ್ಲಿದ್ದಲ ಒಲೆಯ ಗಾಳಿಬಾಗಿಲು ತೆರೆಯುತ್ತಿತ್ತು. ಆತ ಶುರುಮಾಡಿದ ಕಂಪನಿಯೇ ಬೆಳೆದು ಕೈ ಬದಲಾಗುತ್ತಾ ಹನಿವೆಲ್ ಆಯಿತು. "ಸರಪಳಿಯಾದರೆ ಅರ್ಥ ಆಗತ್ತೆ" ಅಂದರು ಅಮ್ಮ.

ಮೊದಲು ಬ್ರೇಕರ್ ಆರಿಸಿದೆ, ವೈರುಗಳ ಫೋಟೋ ತೆಗೆದುಕೊಂಡೆ. ಆರ್, ಡಬ್ಲ್ಯೂ, ವೈ, ಜಿ ಅಂತ ಅಕ್ಷರ ಬರೆದ ಸ್ಕ್ರೂಗಳಿಗೆ ನಾಲ್ಕು ವೈರು ಸಿಕ್ಕಿಸಿದ್ದರು. ಆರ್‌ನಲ್ಲಿ ಫರ್ನೇಸಿನ ಟ್ರಾನ್ಸ್‌ಫಾರ್ಮರಿನಿಂದ 24 ವೋಲ್ಟ್ ಬರುತ್ತದೆ. ಅದನ್ನು ಡಬ್ಲ್ಯೂಗೆ ಕೂಡಿಸಿದರೆ ಬಿಸಿ, ವೈಗೆ ಕೂಡಿಸಿದರೆ ಎಸಿ, ಜಿಗೆ ಕೂಡಿಸಿದರೆ ಬರೀ ಫ್ಯಾನು. ಕೆಂಪು, ಬಿಳಿ, ಹಳದಿ, ಹಸಿರು ಅನ್ನುವುದು ರೂಢಿ ಮಾತ್ರ. ಬಣ್ಣ ನಂಬಬಾರದು, ವೈರು ಯಾವ ಸ್ಕ್ರೂಗೆ ಹೋಗಿದೆ ಅಂತ ಎರಡೂ ತುದಿಯಲ್ಲಿ ನೋಡಲೇಬೇಕು.

ಹೊಸದಕ್ಕೆ ಪರದೆಯಿದೆ, ವೈ-ಫೈ ಇದೆ. ಅದು ಸದಾ ಎಚ್ಚರವಿರಲು ಬಂದ ಕರೆಂಟು ಟ್ರಾನ್ಸ್‌ಫಾರ್ಮರಿಗೆ ಹಿಂದಿರುಗಲು ಒಂದು ದಾರಿ ಬೇಕು, ಆ ದಾರಿಯೇ ಸಿ. ನಮ್ಮಲ್ಲಿ ಸಿ ಇರಲಿಲ್ಲ. ಟಾರ್ಚ್ ಹಿಡಿದು ಗೋಡೆಯ ತೂತಿನೊಳಗೆ ನೋಡಿದರೆ ಕೇಬಲ್ಲಿನ ಸುತ್ತ ಸುತ್ತಿಟ್ಟ ಒಂದು ನೀಲಿ ವೈರು! ಎಷ್ಟೋ ವರ್ಷದ ಹಿಂದೆ ಯಾರೋ ಐದೆಳೆಯ ಕೇಬಲ್ ಎಳೆದು ಒಂದನ್ನು ಹಾಗೇ ಉಳಿಸಿ ಹೋಗಿದ್ದಾರೆ. ಆ ಪುಣ್ಯಾತ್ಮರಿಗೆ ನಮಸ್ಕಾರ. ಬೇಸ್‌ಮೆಂಟಿನಲ್ಲಿ, ಫರ್ನೇಸಿನ ತುದಿಯಲ್ಲೂ ಅದು ಹಾಗೇ ಸುತ್ತಿಕೊಂಡಿತ್ತು. ಫರ್ನೇಸಿನ ಸರ್ಕ್ಯೂಟ್ ಬೋರ್ಡಿನ ಸಿ ಸ್ಕ್ರೂನಲ್ಲಿ ಹೊರಗಿನ ಎಸಿಗೆ ಹೋಗುವ ವೈರು ಆಗಲೇ ಇತ್ತು. ನೀಲಿಯನ್ನು ಅದರ ಜೊತೆಗೇ ಸೇರಿಸಿ ಬಿಗಿದೆ.

ತಪ್ಪು ಮಾಡಿದ್ದು ಅಲ್ಲೇ. ಅರ್ಧ ಇಂಚು ಸುಲಿದರೆ ಸಾಕಿತ್ತು, ಒಂದೂವರೆ ಇಂಚು ಸುಲಿದಿದ್ದೆ. ಬ್ರೇಕರ್ ಹಾಕಿ ಮೇಲೆ ಬಂದರೆ ಪರದೆ ಕಪ್ಪು. ಎದೆ ಧಸಕ್ಕೆಂದಿತು, ಹೊಸದು ಸುಟ್ಟೇಹೋಯಿತು ಅಂದುಕೊಂಡೆ. ಮತ್ತೆ ಬ್ರೇಕರ್ ಆರಿಸಿ ಕೆಳಗೆ ನೋಡಿದರೆ ನೀಲಿಯ ತಾಮ್ರದ ಬಾಲ ಪಕ್ಕದ ಆರ್ ಸ್ಕ್ರೂಗೆ ತಾಗಿಕೊಂಡಿದೆ. ಬೋರ್ಡಿನಲ್ಲಿ ಕಾರಿನದ್ದೇ ತರಹದ ನೇರಳೆ ಬಣ್ಣದ 3 ಆಂಪ್ ಫ್ಯೂಸ್. ಎಳೆದು ಬೆಳಕಿಗೆ ಹಿಡಿದೆ, ಒಳಗಿನ ಕೊಂಡಿ ತುಂಡಾಗಿತ್ತು. ತಾನು ಹೋಗಿ ಟ್ರಾನ್ಸ್‌ಫಾರ್ಮರನ್ನು ಉಳಿಸಿತ್ತು. ಕಾರಿನ ಬಿಡಿಭಾಗದ ಅಂಗಡಿಯಲ್ಲಿ ಅಂಥದ್ದೇ ಸಿಕ್ಕಿತು. 5 ಆಂಪ್‌ನದ್ದು ಮನೆಯಲ್ಲೇ ಇತ್ತು, ಆದರೆ ಬೋರ್ಡಿನ ಮೇಲೆ 3 ಅಂತ ಬರೆದಿರುವಾಗ ಅದನ್ನು ಹಾಕುವ ಮಾತೇ ಇಲ್ಲ.

ಎರಡನೇ ಸಲ ಪರದೆ ಬೆಳಗಿತು. ಗೋಡೆಯ ತೂತಿನಿಂದ ತಣ್ಣನೆ ಗಾಳಿ ನುಸುಳಿದರೆ ಥರ್ಮೋಸ್ಟಾಟ್ ಮೋಸಹೋಗುತ್ತದೆ, ಅದಕ್ಕೇ ತೂತಿಗೆ ಪುಟ್ಟಿ ಮೆತ್ತಿಯೇ ಮೇಲೆ ಕೂರಿಸಿದ್ದೆ. 68 ಫ್ಯಾರನ್‌ಹೀಟ್‌ಗೆ ಇಟ್ಟೆ, ಅಂದರೆ ನಮ್ಮ ಲೆಕ್ಕದ 20 ಡಿಗ್ರಿ. ಅಮ್ಮನನ್ನು ಕೈಹಿಡಿದು ಮೆಟ್ಟಿಲಿಳಿಸಿ ಫರ್ನೇಸಿನ ಮುಂದೆ ನಿಲ್ಲಿಸಿದೆ. ಮೊದಲು ಹೊಗೆ ಎಳೆಯುವ ಸಣ್ಣ ಫ್ಯಾನು ಗುಂಯ್ ಅಂದಿತು. ಬಾಗಿಲಿನ ಪುಟ್ಟ ಕಿಂಡಿಯಲ್ಲಿ ಬೆಂಕಿ ಹೊತ್ತಿಸುವ ಇಗ್ನೈಟರ್ ಕೆಂಡದ ಹಾಗೆ ಕೆಂಪೇರಿತು. ಟಕ್ ಅಂತ ಗ್ಯಾಸ್ ವಾಲ್ವ್ ತೆರೆದು ನೀಲಿ ಜ್ವಾಲೆ ಸಾಲಾಗಿ ಹತ್ತಿತು. ದೊಡ್ಡ ಬ್ಲೋವರ್ ಮಾತ್ರ ಇನ್ನೂ ಅರ್ಧ ನಿಮಿಷ ಸುಮ್ಮನಿತ್ತು.

"ಯಾಕೆ ಕಾಯ್ತಿದೆ?"

"ಒಳಗಿನ ತಗಡು ಕಾಯಲಿ ಅಂತ ಅಮ್ಮ. ಈಗಲೇ ಬೀಸಿದರೆ ತಣ್ಣನೆ ಗಾಳಿ ಬರತ್ತೆ."

"ಹಂಡೆ ಕಾಯೋ ಮೊದಲೇ ಸ್ನಾನಕ್ಕೆ ಕರೆಯಬಾರದು, ಹಾಗೆ" ಅಂದರು.

ಹಳೆಯದನ್ನು ಮುಚ್ಚಳದ ಡಬ್ಬಿಯಲ್ಲಿ ಹತ್ತಿಯಿಟ್ಟು ಭದ್ರ ಮಾಡಿದ್ದೇನೆ. ಮಿನ್ನೆಸೋಟದಲ್ಲಿ ಪಾದರಸವನ್ನು ಕಸಕ್ಕೆ ಹಾಕುವಂತಿಲ್ಲ, ಕೌಂಟಿಯ ಅಪಾಯಕಾರಿ ತ್ಯಾಜ್ಯ ಕೇಂದ್ರಕ್ಕೆ ಒಯ್ದು ಕೊಡಬೇಕು. ಬಿಸಿ 55ಕ್ಕಿಂತ ಇಳಿದರೆ ಫೋನಿಗೆ ಸುದ್ದಿ ಬರುವ ಹಾಗೆ ನಾಳೆ ಹೊಂದಿಸಬೇಕು. ಐದು ಗಂಟೆಗೇ ಕತ್ತಲಾಯಿತು. ಅಮ್ಮ ಬಿಸಿಗಾಳಿ ಬರುವ ನೆಲದ ಜಾಲರಿಯ ಪಕ್ಕ ಕುರ್ಚಿ ಎಳೆದು, ಅದರ ಬೆನ್ನಿಗೆ ಒದ್ದೆ ಟವೆಲ್ ಹರವಿದ್ದಾರೆ.