ಮ್ಯಾಗ್ನೆಟ್ರಾನ್ ಮೇಲೆ ತಪ್ಪು ಹೊರಿಸಿದ ದಿನ

ನರಸಾಪುರ ದಾಟುವಾಗ ಫೋನ್ ಬಂತು. "ಸಾರ್, ಮತ್ತೆ ರಿಫ್ಲೆಕ್ಟೆಡ್ ಪವರ್ ಟ್ರಿಪ್ಪು." ಕೋಲಾರದ ಆಸ್ಪತ್ರೆಯೊಂದರ ಲಿನ್ಯಾಕ್ ಅದು, ಕ್ಯಾನ್ಸರಿಗೆ ವಿಕಿರಣ ಕೊಡುವ ಯಂತ್ರ. ಒಳಗೆ ಕಳಿಸಿದ ಪವರ್ ವಾಪಸ್ ಬರುತ್ತಿದೆ, ಅದಕ್ಕೇ ಯಂತ್ರ ತಾನಾಗಿ ನಿಂತಿದೆ ಅಂತ ಅರ್ಥ. ಬೆಳಿಗ್ಗೆ ಮೂರು ಜನಕ್ಕೆ ಚಿಕಿತ್ಸೆ ಆಗಿದೆ, ನಾಲ್ಕನೆಯವರಿಗೆ ನಡುವೆಯೇ ಬೀಮ್ ನಿಂತಿದೆ. ಕಾರಿನಲ್ಲೇ ತೀರ್ಪು ಕೊಟ್ಟುಬಿಟ್ಟೆ: ಮೈಕ್ರೋವೇವ್ ಹುಟ್ಟಿಸುವ ಮ್ಯಾಗ್ನೆಟ್ರಾನ್‌ಗೆ ವಯಸ್ಸಾಯ್ತು. ಬೇರೆಯದು ಬೇಕೆಂದು ಆಫೀಸಿಗೆ ಮೆಸೇಜನ್ನೂ ಹಾಕಿದೆ.

ಅಡುಗೆಮನೆಯ ಮೈಕ್ರೋವೇವ್ ಒಲೆಯಲ್ಲಿರುವುದೂ ಮ್ಯಾಗ್ನೆಟ್ರಾನೇ. ಅದು ಸಾವಿರ ವಾಟಿನ ಆಸುಪಾಸು, ಇದು 2.5 ಮೆಗಾವಾಟ್. ಆದರೆ ಒಂದೊಂದು ಪಲ್ಸು 4 ಮೈಕ್ರೋಸೆಕೆಂಡ್ ಮಾತ್ರ, ಸೆಕೆಂಡಿಗೆ 200 ಸಲ. ಲೆಕ್ಕ ಹಾಕಿದರೆ ಸರಾಸರಿ 2 ಕಿಲೋವಾಟ್, ಬಚ್ಚಲುಮನೆ ಗೀಸರಿನಷ್ಟು! ಅದರಲ್ಲಿ ದೊಡ್ಡ ಪಾಲು ಎಲೆಕ್ಟ್ರಾನ್ ಓಡಿಸುವ ತಾಮ್ರದ ಕೊಳವೆಯನ್ನೇ ಕಾಯಿಸುತ್ತದೆ. ಇದೆಲ್ಲ ನನಗೆ ಬಾಯಿಪಾಠ. ಅವತ್ತು ಹೊಳೆಯಲಿಲ್ಲ.

ಹೈ ವೋಲ್ಟೇಜ್ ಆಫ್ ಮಾಡಿ, ಮ್ಯಾಗ್ನೆಟ್ರಾನಿಗೆ ಪಲ್ಸು ಕೊಡುವ ಮಾಡ್ಯುಲೇಟರಿನ ಕೆಪಾಸಿಟರುಗಳಲ್ಲಿ ಉಳಿದ ಕರೆಂಟು ಇಳಿಸಲು ಅರ್ಥಿಂಗ್ ರಾಡ್ ಮುಟ್ಟಿಸಿದೆ. ಎರಡೆರಡು ಸಲ ಮುಟ್ಟಿಸುವುದು ನನ್ನ ಚಾಳಿ. ಅಲ್ಲಿ ಧೈರ್ಯ ತೋರಿಸುವವರ ಜೊತೆ ನಾನು ಕೆಲಸ ಮಾಡುವುದಿಲ್ಲ. ಮೈಕ್ರೋವೇವ್ ಸಾಗಿಸುವ ಲೋಹದ ನಾಳ, ವೇವ್‌ಗೈಡ್, ಬಿಚ್ಚಿ ಟಾರ್ಚ್ ಬಿಟ್ಟು ನೋಡಿದೆ. ಕಿಡಿ ಹಾರಿದ ಕಪ್ಪು ಕಲೆ ಒಂದೂ ಇಲ್ಲ. ಜೋಡಿಸಿ, ಕಿಡಿ ಹಾರದಂತೆ ತಡೆಯುವ ಎಸ್‌ಎಫ್‌6 ಗ್ಯಾಸ್ ತುಂಬಿ ಓಡಿಸಿದರೆ ಸಲೀಸಾಗಿ ಗುಂಯ್‌ಗುಟ್ಟಿತು. ಹತ್ತು ನಿಮಿಷಕ್ಕೆ ಮತ್ತೆ ಟ್ರಿಪ್.

ಹೊರಗೆ ಶ್ರೀನಿವಾಸಪುರದ ಕಡೆಯ ಅಜ್ಜಿ ಸೊಸೆಯ ಜೊತೆ ಕೂತಿದ್ದರು. ಹೊಟ್ಟೆಯ ಕೆಳಭಾಗದ ಚಿಕಿತ್ಸೆ, ಮೂತ್ರಕೋಶ ತುಂಬಿರಬೇಕು. "ಮೂರು ಸಲ ನೀರು ಕುಡಿಸಿ ತಡೆದಿಟ್ಕೋ ಅಂದ್ರು ಕಣಪ್ಪ, ಇನ್ನ ಆಗಲ್ಲ ನನ್ ಕೈಲಿ." ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಇದ್ದಿದ್ದು ಎಸಿ ನೋಡಿಕೊಳ್ಳುವ ಹುಡುಗನ ಹತ್ತಿರ. "ಸಾರ್, ಹಿಂದ್ಗಡೆ ನೀರಿನ ಪೈಪು ಮಾಮೂಲಿಗಿಂತ ಬಿಸಿ ಐತೆ."

ಆರ್‌ಒ ಕೆಟ್ಟಿದ್ದಾಗ ಯಾರೋ ಯಂತ್ರವನ್ನು ತಂಪಾಗಿಡುವ ಚಿಲ್ಲರಿಗೆ ಬೋರ್‌ವೆಲ್ ನೀರು ಹಾಕಿದ್ದರು. ಹೀಟ್ ಎಕ್ಸ್‌ಚೇಂಜರ್ ಬಿಚ್ಚಿದರೆ ಸ್ನಾನದ ಹಂಡೆಯ ತಳದ ಹಾಗೆ ಬಿಳಿ ಸುಣ್ಣ. ಉಗುರಿನಲ್ಲಿ ಕೆರೆದರೆ ಚಕ್ಕೆ ಚಕ್ಕೆಯಾಗಿ ಬಂತು. ಶಿವನಸಮುದ್ರದ ಕರೆಂಟು 1902ರಲ್ಲೇ ಬಂದ ಸೀಮೆ ಇದು, ತಕರಾರೆಲ್ಲ ನೀರಿನದೇ. ತಾಮ್ರದ ಕೊಳವೆ ಒಂದು ಡಿಗ್ರಿ ಹೆಚ್ಚು ಕಾದರೆ ಹಿಗ್ಗುತ್ತದೆ, ಅದರ 2998 ಮೆಗಾಹರ್ಟ್ಸಿನ ಶ್ರುತಿ ಸುಮಾರು 50 ಕಿಲೋಹರ್ಟ್ಸ್ ಇಳಿಯುತ್ತದೆ. ಮ್ಯಾಗ್ನೆಟ್ರಾನಿನ ಟ್ಯೂನರ್ ಮೋಟಾರು ಅದರ ಹಿಂದೆಯೇ ಓಡಬೇಕು. ನೀರಿನ ತಾಪ ಏರಿಳಿಯುತ್ತಿದ್ದರೆ ಅದು ಎಷ್ಟೂಂತ ಓಡೀತು? ಶ್ರುತಿ ತಪ್ಪಿದರೆ ಪವರ್ ಕೊಳವೆಯೊಳಗೆ ಹೋಗದೆ ವಾಪಸ್ ಬರುತ್ತದೆ. ತಣ್ಣಗಿದ್ದಾಗ ಓಡಿ, ಕಾದಮೇಲೆ ನಿಲ್ಲುತ್ತಿದ್ದದ್ದು ಅದಕ್ಕೇ. ಬೆಳಿಗ್ಗೆ ಫೋನಿನಲ್ಲೇ ಆ ಸುಳಿವು ಇತ್ತು, ಮೂರು ಜನಕ್ಕೆ ಆಗಿ ನಾಲ್ಕನೆಯವರಿಗೆ ನಿಂತಿದೆ ಎಂದಾಗ.

ಸುಣ್ಣ ಕರಗಿಸಿ, ನೀರು ಬದಲಿಸುವಷ್ಟರಲ್ಲಿ ಆರು ಗಂಟೆ. ಅಜ್ಜಿಗೆ ನಾಲ್ಕನೇ ಸಲ ನೀರು ಕುಡಿಸಿದರು. ಈ ಸಲ ಬೀಮ್ ನಿಲ್ಲಲಿಲ್ಲ. ಬೆಳಗಿನ ಮೆಸೇಜ್ ಅಳಿಸೋಣ ಅಂತ ಮೊಬೈಲ್ ತೆಗೆದರೆ ಆಗಲೇ ನೀಲಿ ಟಿಕ್ ಬಿದ್ದಿತ್ತು.