ಹನ್ನೆರಡಾಣೆ ನೋವು

ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ನಡೆಸೋ ಎಸ್‌ಟಿಎಸ್ ಅನ್ನೋ ವಿದ್ಯಾರ್ಥಿ ಯೋಜನೆ ಎಂಬಿಬಿಎಸ್ ಮಕ್ಕಳಿಗೆ ಎರಡು ತಿಂಗಳ ಸಂಶೋಧನೆಯ ರುಚಿ ಹತ್ತಿಸೋಕೆ ಇರೋದು. ಗೈಡ್ ಆಗಿ ಅಂತ ನನ್ನ ಹತ್ತಿರ ಬರೋರಲ್ಲಿ ಹೆಚ್ಚಿನವರಿಗೆ ಸಕ್ಕರೆ ಕಾಯಿಲೆಯ ವಿಷಯವೇ ಬೇಕು. ಈ ಸಲ ಒಬ್ಬಳು ಮಾತ್ರ ಹಾಸಿಗೆ ಹಿಡಿದ ವೃದ್ಧರ ನೋವಿನ ಬಗ್ಗೆ ಮಾಡ್ತೀನಿ ಅಂದ್ಲು. ಸರಿ, ದಾವಣಗೆರೆ ಹತ್ತಿರದ ಮಾಯಕೊಂಡದ ಕಡೆ ಒಬ್ಬ ಅಜ್ಜಿಯ ಮನೆಗೆ ಕರ್ಕೊಂಡು ಹೋದೆ.

ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೇಳೋದು ನಮ್ಮ ಕ್ರಮ. ಅಜ್ಜಿ ಸ್ವಲ್ಪ ಯೋಚಿಸಿ, "ಹಗಲೊತ್ತು ಹನ್ನೆರಡಾಣೆ ಐತವ್ವಾ, ರಾತ್ರಿ ಹದಿನಾರಾಣೆ" ಅಂದ್ಲು. ಹದಿನಾರಾಣೆ ಅಂದ್ರೆ ಹಳೇ ಲೆಕ್ಕದಲ್ಲಿ ಪೂರ್ತಿ ಒಂದು ರೂಪಾಯಿ. ಹುಡುಗಿ ನಿಷ್ಠೆಯಿಂದ 12, 16 ಅಂತ ಬರ್ಕೊಂಡ್ಲು. ಅಂಕ ಹತ್ತು ದಾಟಿದ್ದಕ್ಕೆ ಎಕ್ಸೆಲ್ ಕೆಂಪಾಯ್ತು. ಹದಿನಾರಕ್ಕೆ ಹನ್ನೆರಡು ಅಂದ್ರೆ ಹತ್ತಕ್ಕೆ ಏಳೂವರೆ ಅಂತ ಲೆಕ್ಕ ಹಾಕೋಣ್ವಾ ಸಾರ್ ಅಂತ ಕೇಳಿದ್ಲು. ಬೇಡ, ಅಜ್ಜಿ ಮಾತನ್ನ ಇದ್ದ ಹಾಗೇ ಬೇರೆ ಕಾಲಂನಲ್ಲಿ ಬರಿ ಅಂದೆ. ರಾತ್ರಿ ನೋವು ಏರುತ್ತೆ ಅನ್ನೋದು ನಮ್ಮ ಪ್ರಶ್ನಾವಳಿಯಲ್ಲೇ ಇರ್ಲಿಲ್ಲ ನೋಡಿ!

ಒಪ್ಪಿಗೆ ಪತ್ರ ಇನ್ನೊಂದು ಕಥೆ. ಓದು ಬಾರದವರು ಹೆಬ್ಬೆಟ್ಟು ಒತ್ತುವಾಗ ಸಂಶೋಧನೆಗೆ ಸಂಬಂಧವಿಲ್ಲದ ಸಾಕ್ಷಿ ಬೇಕು. ಅಲ್ಲಿ ಅಜ್ಜಿಯ ಮಗ ಬಾಗಿಲಲ್ಲೇ ನಿಂತು, "ಕ್ಯಾನ್ಸರ್ ಅಂತ ಅವ್ವನ ಮುಂದೆ ಅನ್ಬ್ಯಾಡ್ರಿ" ಅಂತಾನೆ. ಕಾಯಿಲೆ ಹೆಸರು ಹೇಳದೆ ಒಪ್ಪಿಗೆ ಪಡೆಯೋದು ಹೇಗೆ? ಸಂಶೋಧನೆಯ ಸರಿ-ತಪ್ಪು ನೋಡೋ ಎಥಿಕ್ಸ್ ಕಮಿಟಿಗೆ ಕಳಿಸೋ ಮುಂಚೆ ಇದರ ಮೇಲೇ ಒಂದು ಮಧ್ಯಾಹ್ನ ಜಗಳ ಆಡ್ಬೇಕು, ಫಾರ್ಮ್ಯಾಟ್ ಆಮೇಲೆ.

ತೀವ್ರ ನೋವಿಗೆ ಕೊಡೋ ಮಾರ್ಫಿನ್ ವಿಷಯದಲ್ಲಂತೂ ಎಂಬಿಬಿಎಸ್ ಮಕ್ಕಳಿಗೆ ಚಟದ ಭಯವೇ ಮೊದಲು. 2014ರಲ್ಲಿ ಮಾದಕ ವಸ್ತುಗಳ ಮೇಲೆ ಹಿಡಿತ ಇಡೋ ಎನ್‌ಡಿಪಿಎಸ್ ಕಾಯ್ದೆಗೆ ತಿದ್ದುಪಡಿ ತಂದು ನೋವಿನ ಔಷಧದ ಲೈಸೆನ್ಸ್ ಗೋಜಲು ಕಡಿಮೆ ಮಾಡಿದ್ದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಮುಂದಿನ ಬ್ಯಾಚಿನವರು ಬೇಕಾದ್ರೆ ಇದನ್ನೇ ವಿಷಯ ಮಾಡ್ಕೊಳ್ಳಿ, ಗೈಡ್ ಆಗೋಕೆ ನಾನು ರೆಡಿ.