“ಯಾರನ್ನ ಶೂಟ್ ಮಾಡೋಕೆ ಕಲಿತೆ?” ಅಂತ ಕೇಳುವವರಿಗೆ

ಯಾರನ್ನೂ ಅಲ್ಲ. ಉತ್ತರ ಇಷ್ಟೇ. ಆದರೆ ಇಷ್ಟು ಹೇಳಿದರೆ ಯಾರೂ ಬಿಡುವುದಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ನಾನು ಹೋಗಿದ್ದು ಬೆಂಗಳೂರಿನಲ್ಲೇ ಹೊಸಬರಿಗಾಗಿ ನಡೆಸುವ ಶನಿವಾರ-ಭಾನುವಾರದ ರೈಫಲ್ ಶೂಟಿಂಗ್ ಕೋರ್ಸಿಗೆ. 10 ಮೀಟರ್ ಏರ್ ರೈಫಲ್. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದರಲ್ಲ, ಅದೇ ಆಟ. ಇದರಲ್ಲಿ ಮದ್ದು, ಹೊಗೆ ಏನೂ ಇಲ್ಲ. ಒತ್ತಿ ತುಂಬಿದ ಗಾಳಿ 4.5 ಮಿಲಿಮೀಟರಿನ ಪೆಲೆಟ್ಟನ್ನು, ಅಂದರೆ ಸೀಸದ ಪುಟ್ಟ ಗುಂಡನ್ನು, ತಳ್ಳುತ್ತದೆ, ಅಷ್ಟೆ.

ಇದನ್ನೆಲ್ಲ ಹೇಳಿದ ಮೇಲೂ ಪ್ರಶ್ನೆ ನಿಲ್ಲುವುದಿಲ್ಲ. ಈಚೆಗೆ ನೆಂಟರ ಮನೆಯ ಗೃಹಪ್ರವೇಶದ ಊಟಕ್ಕೆ ಕೂತಿದ್ದೆವು. ಎದುರು ಸಾಲಿನಲ್ಲಿದ್ದ ಚಿಕ್ಕಪ್ಪ ಎರಡೂ ಕೈ ಮೇಲೆತ್ತಿ, “ಅಯ್ಯೋ, ನನ್ನ ಬಿಟ್ಬಿಡಮ್ಮ!” ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಇನ್ನೊಬ್ಬರು ನನ್ನ ಗಂಡನ ಕಡೆ ತಿರುಗಿ, “ಇನ್ಮೇಲೆ ಮನೇಲಿ ನಿಮ್ಮ ಮಾತು ನಡೆಯಲ್ಲ ಬಿಡಿ” ಅಂದರು. ಆಮೇಲೆ ಹೋಳಿಗೆ ಬಡಿಸುತ್ತಾ ಬಂದ ಅತ್ತಿಗೆ ನನ್ನ ಕಿವಿಯ ಹತ್ತಿರ ಬಗ್ಗಿ, “ಯಾಕೆ, ಮನೇಲಿ ಏನಾದ್ರೂ ತೊಂದರೆನಾ?” ಅಂತ ಮೆಲ್ಲಗೆ ಕೇಳಿದರು. ತಮಾಷೆಗಲ್ಲ, ನಿಜವಾದ ಕಾಳಜಿಯಿಂದ. ನನಗೆ ಜಾಸ್ತಿ ಬೇಜಾರಾಗಿದ್ದು ಅದೇ.

ನನ್ನ ತಮ್ಮ ಶಟಲ್ ಕಲಿಯಲು ಸೇರಿದಾಗ ಅವನ ಸಂಸಾರದ ಬಗ್ಗೆ ಯಾರೂ ವಿಚಾರಿಸಲಿಲ್ಲ. ಮದುವೆಯಾದ ಹೆಂಗಸು ರೈಫಲ್ ಹಿಡಿದಳು ಅಂದರೆ ಮಾತ್ರ ಹಿಂದೆ ಏನೋ ಕಥೆ ಇರಲೇಬೇಕು. ಕಥೆ ಇಲ್ಲ ಕಣ್ರೀ. ಕಲಿಯಬೇಕು ಅನ್ನಿಸಿತು, ಕಲಿತೆ.

ಅಲ್ಲಿ ಹೊಡೆದಾಟ ಕಲಿಸುತ್ತಾರೆ ಅಂದುಕೊಂಡವರು ಶನಿವಾರ ಬೆಳಿಗ್ಗೆ ನಮ್ಮ ಜೊತೆ ಇರಬೇಕಿತ್ತು. ಊಟದ ತನಕ ಒಂದು ಪೆಲೆಟ್ಟನ್ನೂ ಕೈಗೆ ಕೊಡಲಿಲ್ಲ. ನಳಿಗೆ ಯಾವಾಗಲೂ ಗುರಿಯ ಕಡೆಗೇ ಇರಬೇಕು. ಹೊಡೆಯುವ ಹೊತ್ತಿನ ತನಕ ಬೆರಳು ಟ್ರಿಗರ್‌ನಿಂದ ಹೊರಗೆ. ರೈಫಲ್ ಕೆಳಗಿಟ್ಟಾಗ ನಳಿಗೆಯೊಳಗೆ ಎದ್ದು ಕಾಣುವ ಬಣ್ಣದ ದಾರ ಹಾಯಿಸಿಡಬೇಕು. ಖಾಲಿ ಇದೆ ಅಂತ ದೂರದಿಂದಲೇ ಗೊತ್ತಾಗಬೇಕಲ್ಲ. ಪೆಲೆಟ್ ಮುಟ್ಟಿದ ಕೈ ತೊಳೆಯದೆ ತಿಂಡಿ ಮುಟ್ಟುವಂತಿಲ್ಲ, ಸೀಸ ಅಲ್ವಾ. ಇಷ್ಟು ಎಚ್ಚರಿಕೆಯನ್ನು ನಮ್ಮ ರಸ್ತೆಗಳಲ್ಲಿ ಗಾಡಿ ಓಡಿಸುವವರಿಂದ ಯಾರೂ ಕೇಳುವುದಿಲ್ಲ.

ಸರಿಯಾದ ಪ್ರಶ್ನೆ ಕೇಳಿದವರು ಒಬ್ಬರೇ. ನಮ್ಮ ಮೇಲಿನ ಮನೆಯ ಹಿರಿಯರು, ಕೊಡಗಿನವರು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಅನ್ನುವ ಹೂವು ಸಿಕ್ಕಿಸಿ ಪೂಜೆ ಮಾಡಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನೋಡುತ್ತಾ ಬೆಳೆದವರು. ಅವರು ಮೆಟ್ಟಿಲಲ್ಲಿ ನಿಲ್ಲಿಸಿ ಕೇಳಿದ್ದು ಇಷ್ಟೇ: “ಎಡ ಮೊಣಕೈ ಎಲ್ಲಿ ಊರಕ್ಕೆ ಹೇಳಿದ್ರಮ್ಮ?”

ಸೊಂಟದ ಮೂಳೆಯ ಮೇಲೆ! ಸ್ಪರ್ಧೆಯ ರೈಫಲ್ ಐದೂವರೆ ಕೆಜಿ ತನಕ ಇರಬಹುದು. ತೋಳಿನ ಬಲದಲ್ಲಿ ಹಿಡಿದರೆ ಬೇಗ ನಡುಗುತ್ತದೆ. ಭಾರವನ್ನು ಮೂಳೆಗೆ ಬಿಡಬೇಕು, ಮೂಳೆ ಅದನ್ನು ನೆಲಕ್ಕೆ ಇಳಿಸುತ್ತದೆ. ಆಮೇಲೆ ಕಣ್ಣು ಮುಚ್ಚಿ, ಉಸಿರೆಳೆದು ಬಿಟ್ಟು, ಕಣ್ಣು ತೆರೆದು ನೋಡಬೇಕು. ರೈಫಲ್ ಗುರಿಯಿಂದ ಪಕ್ಕಕ್ಕೆ ಸರಿದಿದ್ದರೆ ಕೈಯಿಂದ ಎಳೆದು ತರಬಾರದು, ಪಾದ ಸರಿಸಬೇಕು. ಕೈಯಿಂದ ಎಳೆದು ತಂದಿದ್ದು ಟ್ರಿಗರ್ ಒತ್ತುವಾಗ ಮೊದಲಿದ್ದ ಕಡೆಗೇ ಜಾರುತ್ತದೆ.

ರೈಫಲ್ ಮೇಲೆ ಗುರಿ ನೋಡಲು ಇರುವ ಸೈಟುಗಳಲ್ಲಿ ಹಿಂದಿನದರ ಸಣ್ಣ ತೂತಿನಲ್ಲಿ ನೋಡಿದರೆ ಮುಂದೆ ಒಂದು ಉಂಗುರ, ಅದರೊಳಗೆ ಗುರಿಯ ಕಪ್ಪು ವೃತ್ತ, ನಡುವೆ ಸುತ್ತಲೂ ಒಂದೇ ಸಮನಾದ ಬೆಳಕು ಕಾಣಬೇಕು. ಆ ಕಪ್ಪು ವೃತ್ತದ ಅಗಲ 30.5 ಮಿಲಿಮೀಟರ್. ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಎದೆ ಬಡಿದರೂ ಸಾಕು, ಗುರಿ ಅಲುಗುತ್ತದೆ.

ನನ್ನನ್ನು ಯಾರಾದರೂ ಕೇಳಲಿ ಅಂತ ಕಾಯುತ್ತಿರುವ ಪ್ರಶ್ನೆ ಬೇರೆ ಇದೆ: “ಹೊಡೆಯದೇ ರೈಫಲ್ ಇಳಿಸೋದು ಕಲಿತೆಯಾ?” ಗುರಿ ಹಿಡಿದು ತುಂಬ ಹೊತ್ತು ನಿಂತರೆ ಉಸಿರು ಸಾಲದೆ ಕಣ್ಣು ಮಂಜಾಗುತ್ತದೆ. ಮನಸ್ಸು ಮಾತ್ರ “ಈಗ ಒತ್ತು, ಈಗ ಒತ್ತು” ಅಂತ ಅವಸರ ಮಾಡುತ್ತದೆ. ಆಗ ಒತ್ತಬಾರದು. ಇಳಿಸಿ, ಉಸಿರಾಡಿ, ಮತ್ತೆ ಮೊದಲಿನಿಂದ ಶುರು ಮಾಡಬೇಕು. ದೊಡ್ಡ ಸ್ಪರ್ಧೆಗಳಲ್ಲಿ 60 ಹೊಡೆತಕ್ಕೆ 75 ನಿಮಿಷ ಕೊಡುತ್ತಾರೆ. ಇಳಿಸುವುದಕ್ಕೂ ಅದರಲ್ಲಿ ಸಮಯ ಇರುತ್ತದೆ.

ನನ್ನ ಪಕ್ಕದಲ್ಲಿ ಕಾಲೇಜು ಹುಡುಗ ಒಬ್ಬನಿದ್ದ. ಅವನು ಹತ್ತು ಅಂಕದ ಚುಕ್ಕೆಗೆ ಹೊಡೆದಾಗ ಕೋಚ್ ತುಟಿ ಬಿಚ್ಚಲಿಲ್ಲ. ಭಾನುವಾರ ಮಧ್ಯಾಹ್ನ ಅವನು ಪೂರ್ತಿ ಗುರಿ ಹಿಡಿದು, ಒಂದು ಕ್ಷಣ ತಡೆದು, ತಲೆಯಾಡಿಸಿ ರೈಫಲ್ ಇಳಿಸಿದ. ಹಿಂದಿನಿಂದ ಕೋಚ್, “ಭೇಷ್, ಇದು ಶೂಟಿಂಗ್” ಅಂದರು. ಮನೆಯಲ್ಲಿ, ಆಫೀಸಲ್ಲಿ, ಮಾಡದೆ ಬಿಟ್ಟಿದ್ದಕ್ಕೆ ಯಾರಾದರೂ ಭೇಷ್ ಅಂದಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಆ ಒಂದು ಮಾತಿಗೆ ಕೊಟ್ಟ ಫೀಸ್ ವಸೂಲಾಯಿತು.

ಚಿಕ್ಕಪ್ಪ, ನೀವೂ ಒಂದು ಸಲ ಬನ್ನಿ, ನಾನೇ ಕರ್ಕೊಂಡು ಹೋಗ್ತೀನಿ. ತಳ ಸಮ ಇರುವ ಶೂ ಹಾಕ್ಕೊಳ್ಳಿ, ತಿಂಡಿ ಹಗುರ ಇರಲಿ. ಬೆಳಗಿನ ಕಾಫಿ ಮಾತ್ರ ಬಿಡಬೇಕಾಗುತ್ತೆ. ಕುಡಿದು ಬಂದರೆ ಎದೆಬಡಿತ ಸೈಟಿನಲ್ಲೇ ಕಾಣುತ್ತೆ.